ಕ್ವಾರ್ಕ್ ಮತ್ತು ಗ್ಲೂಆನ್‌ಗಳ ದ್ರವ್ಯರಾಶಿ: ಸಂಶೋಧನೆಯ ಚರಿತ್ರೆಯಲ್ಲಿ ಕೋಲಾರ ಮತ್ತು ಬೆಂಗಳೂರು

ಕರ್ನಾಟಕದಲ್ಲಿ ನಡೆದ ಭೌತವಿಜ್ಞಾನ ಸಂಶೋಧನೆಯ ಚರಿತ್ರೆಯನ್ನು ಬರೆಯುವಾಗ ಸರ್ ಸಿ.ವಿ. ರಾಮನ್ ಅವರಿಂದ ಆರಂಭಿಸಿ, ಭಾರತೀಯ ವಿಜ್ಞಾನ ಸಂಸ್ಥೆಯನ್ನು ಹಾದು, ಬಾಹ್ಯಾಕಾಶ ಸಂಶೋಧನೆಯಲ್ಲಿ ಮುಗಿಸುವುದು ವಾಡಿಕೆಯಾಗಿದೆ. ಕೋಲಾರದ ಚಿನ್ನದ ಗಣಿಯಲ್ಲಿ ನಡೆದ ಪ್ರಯೋಗಗಳಿಗೆ ಈ ಬರಹಗಳಲ್ಲಿ ಒಂದೆರಡು ವಾಕ್ಯಗಳು ಮೀಸಲಾಗಿರುತ್ತವೆ. ಅವೂ 1965ರ ನ್ಯೂಟ್ರಿನೊ ಪ್ರಯೋಗಕ್ಕೆ ಸಂಬಂಧಿಸಿದವು. ಆ ಪ್ರಯೋಗ ಯಶಸ್ವಿಯಾದದ್ದೇ ಇದಕ್ಕೆ ಕಾರಣ. ಆದರೆ ಪ್ರೋಟಾನಿನ ಒಳರಚನೆ ಏನು, ಅದರೊಳಗಿರುವ ಕ್ವಾರ್ಕ್ ಮತ್ತು ಗ್ಲೂಆನ್‌ಗಳಿಗೆ ದ್ರವ್ಯರಾಶಿ ಎಷ್ಟು, ಪ್ರೋಟಾನ್ ಶಾಶ್ವತವೇ ಎಂಬ ಪ್ರಶ್ನೆಗಳ ಸುತ್ತ ಸುಮಾರು ಐದು ದಶಕಗಳ ಕಾಲ ನಡೆದ ವಿಚಾರದಲ್ಲಿ ಈ ನಾಡಿನ ನೆಲಕ್ಕೂ ಇಲ್ಲಿ ಕೆಲಸ ಮಾಡಿದ ವಿದ್ವಾಂಸರಿಗೂ ಗಣನೀಯವಾದ ಪಾಲಿದೆ. ಆ ಪಾಲಿನ ಬಹುಭಾಗ 'ಇಲ್ಲ' ಎಂಬ ಉತ್ತರ ಪಡೆದ ಪ್ರಶ್ನೆಗಳಿಗೆ ಸೇರಿದ್ದು. ಚರಿತ್ರೆಯಲ್ಲಿ ಅದು ಕಾಣೆಯಾಗಿರುವುದು ಇದರಿಂದಲೇ ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ಮೊದಲಿಗೆ ಪದದ ಬಗ್ಗೆ ಒಂದು ಮಾತು. 'ಮಾಸ್' ಎಂಬುದಕ್ಕೆ ನಾವು 'ದ್ರವ್ಯರಾಶಿ' ಎಂದು ಬಳಸುತ್ತೇವೆ. ರಾಶಿ ಎಂದೊಡನೆ ಕನ್ನಡಿಗನ ಮನಸ್ಸಿಗೆ ಬರುವುದು ಸುಗ್ಗಿಯ ಕಾಲದ ಕಣದಲ್ಲಿ ತೂರಿ ಒಟ್ಟಿದ ಕಾಳಿನ ರಾಶಿ. ಒಕ್ಕುವ ಜಾಗಕ್ಕೂ ಸೂಕ್ಷ್ಮವಾದ ವಸ್ತುವಿಗೂ ಕನ್ನಡದಲ್ಲಿ 'ಕಣ' ಎಂಬ ಒಂದೇ ರೂಪ ಇರುವುದು ಕೇವಲ ಆಕಸ್ಮಿಕ. ಒಂದು ದೇಶ್ಯ, ಇನ್ನೊಂದು ಸಂಸ್ಕೃತಮೂಲ. ಆದರೂ ಈ ಪದ ನಮ್ಮಲ್ಲಿ ಮೂಡಿಸುವ ಕಲ್ಪನೆ ಕಾಳುಗಳ ಮೊತ್ತವೇ ರಾಶಿ ಎಂಬುದು. ಶೃಂಗೇರಿ ತಾಲ್ಲೂಕಿನ ಕೆರೆಕಟ್ಟೆಯ ಕಡೆಯ ಬೆಳೆಗಾರ ಒಂದು ಮೂಟೆ ಅಡಿಕೆಯನ್ನು ಮಂಡಿಗೆ ಒಯ್ದರೆ ಮೂಟೆಯ ತೂಕ ಒಳಗಿನ ಅಡಿಕೆಗಳ ತೂಕಗಳ ಮೊತ್ತವೇ ಆಗಿರುತ್ತದೆ; ಗೋಣಿಯ ತೂಕವನ್ನು ಕಳೆದರಾಯಿತು. ಪರಮಾಣುವಿನ ಮಟ್ಟದವರೆಗೂ ಈ ಲೆಕ್ಕ ಹೆಚ್ಚುಕಡಿಮೆ ನಡೆಯುತ್ತದೆ. ಪ್ರೋಟಾನಿನ ಒಳಕ್ಕೆ ಹೊಕ್ಕೊಡನೆ ಅದು ಸಂಪೂರ್ಣವಾಗಿ ಮುರಿದುಬೀಳುತ್ತದೆ. ಅಲ್ಲಿ ಗೋಣಿಯೇ ಹೆಚ್ಚುಕಡಿಮೆ ಎಲ್ಲ ತೂಕ, ಅಡಿಕೆ ನೂರರಲ್ಲಿ ಒಂದು ಪಾಲು.

ಕಣಭೌತವಿಜ್ಞಾನದಲ್ಲಿ ದ್ರವ್ಯರಾಶಿಯನ್ನು ಶಕ್ತಿಯ ಏಕಮಾನದಲ್ಲಿ ಹೇಳುವುದು ರೂಢಿ. ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್‌ಗೆ ಒಂದು ಎಂಇವಿ. ಸಾವಿರ ಎಂಇವಿಗೆ ಒಂದು ಜಿಇವಿ. ಪ್ರೋಟಾನಿನ ದ್ರವ್ಯರಾಶಿ 938.27 ಎಂಇವಿ, ನ್ಯೂಟ್ರಾನಿನದು 939.57 ಎಂಇವಿ. ಪ್ರೋಟಾನಿನಲ್ಲಿರುವುದು ಎರಡು 'ಅಪ್' ಮತ್ತು ಒಂದು 'ಡೌನ್' ಕ್ವಾರ್ಕ್. ಇಂದು ಅಂಗೀಕೃತವಾಗಿರುವ ಮೌಲ್ಯಗಳಂತೆ ಅಪ್ ಕ್ವಾರ್ಕಿಗೆ ಸುಮಾರು 2.2 ಎಂಇವಿ, ಡೌನ್ ಕ್ವಾರ್ಕಿಗೆ ಸುಮಾರು 4.7 ಎಂಇವಿ. ಮೂರನ್ನೂ ಕೂಡಿದರೆ 9 ಎಂಇವಿಯನ್ನು ಸ್ವಲ್ಪ ಮೀರುತ್ತದೆ. ಅವನ್ನು ಬಂಧಿಸಿರುವ ಗ್ಲೂಆನ್‌ಗಳಿಗೆ ಸಿದ್ಧಾಂತದ ಪ್ರಕಾರ ದ್ರವ್ಯರಾಶಿ ಸೊನ್ನೆ. ಹಾಗಾದರೆ ಉಳಿದ ಸುಮಾರು 929 ಎಂಇವಿ ಎಲ್ಲಿಂದ ಬಂತು? ಕ್ವಾರ್ಕ್‌ಗಳ ಚಲನೆಯ ಶಕ್ತಿ ಮತ್ತು ಗ್ಲೂಆನ್ ಕ್ಷೇತ್ರದ ಶಕ್ತಿಯಿಂದ ಎಂಬುದು ಇಂದಿನ ಉತ್ತರ. ಈ ಉತ್ತರಕ್ಕೆ ಬರುವ ಮುನ್ನ ಭೌತವಿಜ್ಞಾನಿಗಳು ಹಲವು ದಾರಿಗಳನ್ನು ತುಳಿದರು. ಅವುಗಳಲ್ಲಿ ಒಂದು ಕೋಲಾರದ ಗಣಿಯ ಆಳಕ್ಕೆ ಇಳಿಯಿತು.

ಒಂದೇ ಕ್ವಾರ್ಕಿಗೆ ಮೂರು ದ್ರವ್ಯರಾಶಿ

1964ರಲ್ಲಿ ಮರ್ರೆ ಗೆಲ್‌ಮನ್ ಮತ್ತು ಜಾರ್ಜ್ ಜ್ವೈಗ್ ಪರಸ್ಪರ ಸ್ವತಂತ್ರವಾಗಿ ಕ್ವಾರ್ಕ್ ಕಲ್ಪನೆಯನ್ನು ಮಂಡಿಸಿದರು. ಪ್ರೋಟಾನಿನ ವಿದ್ಯುದಂಶದ ಮೂರನೆಯ ಒಂದು ಅಥವಾ ಮೂರನೆಯ ಎರಡು ಪಾಲನ್ನು ಹೊತ್ತ ಕಣಗಳು ಪ್ರಕೃತಿಯಲ್ಲಿದ್ದರೆ ಅವು ಎಲ್ಲಿಯಾದರೂ ಕಾಣಬೇಕಷ್ಟೆ. ಕಾಣಲಿಲ್ಲ. ಆಗ ಸಹಜವಾಗಿ ಹೊಳೆದ ಸಮಾಧಾನವೆಂದರೆ ಕ್ವಾರ್ಕ್‌ಗಳು ಬಹಳ ಭಾರವಾಗಿರಬೇಕು, ಅಂದಿನ ಯಂತ್ರಗಳ ಶಕ್ತಿ ಅವನ್ನು ಬಿಡಿಸಿ ತೆಗೆಯಲು ಸಾಲದು ಎಂಬುದು. ಆದ್ದರಿಂದ ಹುಡುಕಾಟ ವಿಶ್ವಕಿರಣಗಳ ಕಡೆಗೆ ತಿರುಗಿತು. ಭಾರವಾದ ಕಣ ವಾತಾವರಣದಲ್ಲಿ ಹುಟ್ಟಿದರೆ ತನ್ನ ಜೊತೆಯ ಹಗುರ ಕಣಗಳಿಗಿಂತ ತುಸು ತಡವಾಗಿ ನೆಲಕ್ಕೆ ತಲುಪಬೇಕು. ಉದಕಮಂಡಲದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ವಿಶ್ವಕಿರಣಗಳ ಸುರಿಮಳೆಯಲ್ಲಿ ಹೀಗೆ ತಡವಾಗಿ ಬರುವ ಕಣಗಳನ್ನು ಅಧ್ಯಯನ ಮಾಡಿದ್ದರ ಹಿನ್ನೆಲೆ ಇದು. 1969ರಲ್ಲಿ ಸಿಡ್ನಿಯ ಮೆಕಸ್ಕರ್ ಅವರ ತಂಡ ಕ್ವಾರ್ಕಿನ ಜಾಡು ಕಂಡಿತೆಂದು ಪ್ರಕಟಿಸಿತು, ಅದು ದೃಢಪಡಲಿಲ್ಲ.

ಇದೇ ಕಾಲದಲ್ಲಿ ಇನ್ನೊಂದು ಗುಂಪು ಕ್ವಾರ್ಕಿನ ದ್ರವ್ಯರಾಶಿಯನ್ನು ಪ್ರೋಟಾನಿನ ಮೂರನೆಯ ಒಂದು ಪಾಲು, ಅಂದರೆ 330 ಎಂಇವಿಯ ಆಸುಪಾಸು, ಎಂದು ಹಿಡಿದು ಲೆಕ್ಕ ಮಾಡುತ್ತಿತ್ತು. ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ ಕಾಂತೀಯ ಗುಣಗಳು ಈ ಲೆಕ್ಕಕ್ಕೆ ಆಶ್ಚರ್ಯಕರವಾಗಿ ಹೊಂದುತ್ತಿದ್ದವು. ಮೂರನೆಯವರು ಪಯಾನ್ ಎಂಬ ಕಣದ ಹಗುರತನವನ್ನು ವಿವರಿಸಹೊರಟು ಕ್ವಾರ್ಕಿನ ದ್ರವ್ಯರಾಶಿ ಕೆಲವೇ ಎಂಇವಿ ಇರಬೇಕೆಂಬ ನಿಲುವಿಗೆ ಬಂದರು. 1977ರಲ್ಲಿ ಸ್ಟೀವನ್ ವೈನ್‌ಬರ್ಗ್ ಅಪ್, ಡೌನ್, ಸ್ಟ್ರೇಂಜ್ ಕ್ವಾರ್ಕ್‌ಗಳಿಗೆ ಕ್ರಮವಾಗಿ 4.2, 7.5 ಮತ್ತು 150 ಎಂಇವಿ ಎಂದು ಅಂದಾಜು ಮಾಡಿದರು. ಇಂದಿನ ಮೌಲ್ಯಗಳು ಇದರ ಅರ್ಧದ ಸುತ್ತಮುತ್ತ ಇದ್ದರೂ ಅಪ್‌ಗಿಂತ ಡೌನ್ ಭಾರ ಎಂಬ ಮುಖ್ಯಾಂಶ ಉಳಿದುಕೊಂಡಿದೆ. ಅದು ಸಣ್ಣ ಸಂಗತಿಯಲ್ಲ. ಡೌನ್ ಕ್ವಾರ್ಕ್ ಹಗುರವಾಗಿದ್ದು ಅಪ್ ಭಾರವಾಗಿದ್ದಿದ್ದರೆ ನ್ಯೂಟ್ರಾನಿಗಿಂತ ಪ್ರೋಟಾನೇ ಭಾರವಾಗಿ, ಜಲಜನಕದ ಪರಮಾಣು ಉಳಿಯುತ್ತಿರಲಿಲ್ಲ, ನೀರೂ ಇರುತ್ತಿರಲಿಲ್ಲ.

ಗ್ಲೂಆನಿಗೆ ದ್ರವ್ಯರಾಶಿ ಇದ್ದಿದ್ದರೆ

1935ರಲ್ಲಿ ಯುಕಾವಾ ತೋರಿಸಿಕೊಟ್ಟ ಸೂತ್ರವೊಂದು ಭೌತವಿಜ್ಞಾನಿಗಳ ಮನಸ್ಸಿನಲ್ಲಿ ಆಳವಾಗಿ ಬೇರೂರಿತ್ತು: ಬಲದ ವ್ಯಾಪ್ತಿ ಕಿರಿದಾಗಿದ್ದರೆ ಅದನ್ನು ಸಾಗಿಸುವ ಕಣಕ್ಕೆ ದ್ರವ್ಯರಾಶಿ ಇರಬೇಕು. ನ್ಯೂಕ್ಲಿಯಸ್ಸಿನೊಳಗಿನ ಬಲ ಹೊರಗೆ ಗೋಚರಿಸುವುದಿಲ್ಲ. ಆದ್ದರಿಂದ ಅದರ ಮೂಲದಲ್ಲಿರುವ ಗ್ಲೂಆನ್‌ಗಳೂ ದ್ರವ್ಯರಾಶಿಯುಳ್ಳವು ಎಂದು ಊಹಿಸುವುದು ತರ್ಕಬದ್ಧವೇ ಆಗಿತ್ತು. 1973-74ರಲ್ಲಿ ಒಡಿಶಾ ಮೂಲದ ಜೋಗೇಶ್ ಪತಿ ಮತ್ತು ಪಾಕಿಸ್ತಾನದ ಅಬ್ದುಸ್ ಸಲಾಂ ಮಂಡಿಸಿದ ಸಿದ್ಧಾಂತದಲ್ಲಿ ಕ್ವಾರ್ಕ್‌ಗಳ ವಿದ್ಯುದಂಶ ಭಿನ್ನರಾಶಿಯಲ್ಲ, ಪೂರ್ಣಾಂಕ. ಗ್ಲೂಆನ್‌ಗಳಿಗೆ ದ್ರವ್ಯರಾಶಿಯೂ ಉಂಟು, ಕೆಲವಕ್ಕೆ ವಿದ್ಯುದಂಶವೂ ಉಂಟು. ಕ್ವಾರ್ಕ್ ಬಿಡಿಯಾಗಿ ಹೊರಬರಬಹುದು, ಆದರೆ ಕೂಡಲೇ ಎಲೆಕ್ಟ್ರಾನಿನಂಥ ಹಗುರ ಕಣಗಳಾಗಿ ಕ್ಷಯಿಸುತ್ತದೆ. ಕ್ವಾರ್ಕ್ ಯಾರ ಕಣ್ಣಿಗೂ ಬೀಳದಿರುವುದಕ್ಕೆ ಇದು ಒಂದು ಅಂದವಾದ ಕಾರಣವಾಗಿತ್ತು.

ಇದಕ್ಕೆ ಎದುರಾದ ಆಕ್ಷೇಪ ಸ್ಪಷ್ಟವಾಗಿತ್ತು. 1960ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನಲ್ಲಿ ಎಲೆಕ್ಟ್ರಾನ್‌ಗಳನ್ನು ಪ್ರೋಟಾನಿಗೆ ಬಡಿದು ನಡೆಸಿದ ಪ್ರಯೋಗಗಳ ಫಲಿತಾಂಶ ಭಿನ್ನರಾಶಿ ವಿದ್ಯುದಂಶಗಳಿಗೇ ಹೊಂದುವಂತಿತ್ತು. ಈ ಸಂದರ್ಭದಲ್ಲಿ ಜಿ. ರಾಜಶೇಖರನ್ ಮತ್ತು ಪ್ರಬೀರ್ ರಾಯ್ 1975ರಲ್ಲಿ ಪ್ರಕಟಿಸಿದ ಲೇಖನ ಗಮನಾರ್ಹ. ಅದು ಬಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 1973ರಲ್ಲಿ ಆರಂಭಿಸಿದ 'ಪ್ರಮಾಣ' ಎಂಬ ಭೌತವಿಜ್ಞಾನ ಪತ್ರಿಕೆಯಲ್ಲಿ. ಗ್ಲೂಆನ್‌ಗೆ ದ್ರವ್ಯರಾಶಿ ಇದ್ದು ಅದು ಬೆಳಕಿನ ಕಣದೊಡನೆ ಬೆರೆಯುವುದಾದರೆ, ಘರ್ಷಣೆಯಲ್ಲಿ ವರ್ಗವಾಗುವ ಸಂವೇಗ ಗ್ಲೂಆನ್ ದ್ರವ್ಯರಾಶಿಗಿಂತ ಹೆಚ್ಚಾದಂತೆಲ್ಲ ಪೂರ್ಣಾಂಕದ ಭಾಗ ರದ್ದಾಗುತ್ತ ಹೋಗಿ, ಪೂರ್ಣಾಂಕ ವಿದ್ಯುದಂಶದ ಕ್ವಾರ್ಕ್ ಭಿನ್ನರಾಶಿಯದೆಂಬಂತೆಯೇ ಕಾಣಿಸಿಕೊಳ್ಳುತ್ತದೆ ಎಂದು ಅವರು ತೋರಿಸಿದರು. ಪತಿ ಮತ್ತು ಸಲಾಂ ಕೂಡ ಇದೇ ತೀರ್ಮಾನಕ್ಕೆ ಬಂದರು. ಅಂದರೆ ಸ್ಟ್ಯಾನ್‌ಫರ್ಡಿನ ಪ್ರಯೋಗ ಎರಡು ಸಿದ್ಧಾಂತಗಳ ನಡುವೆ ತೀರ್ಪು ಕೊಡಲಾರದು. ತೀರ್ಪು ಬೇಕೆಂದರೆ ನಿಜವಾದ ಬೆಳಕಿನ ಕಣಗಳೆರಡು ಡಿಕ್ಕಿಯಾಗುವ ಕ್ರಿಯೆಗಳನ್ನು ನೋಡಬೇಕು. 1984ರ ಹೊತ್ತಿಗೆ ಈ ಪರೀಕ್ಷೆಯ ವಿವರವಾದ ಲೆಕ್ಕವನ್ನು ಮಾಡಿದವರಲ್ಲಿ ಮುಂದೆ ಬೆಂಗಳೂರಿನವರೇ ಆದ ರೋಹಿಣಿ ಗೋಡ್ಬೋಲೆ ಅವರೂ ಇದ್ದರು.

ಜಗತ್ತಿನ ಮುಖ್ಯಧಾರೆ ಅಷ್ಟರಲ್ಲಿ ಬೇರೆ ಕಡೆ ಹರಿದಿತ್ತು. 1973ರಲ್ಲಿ ಗ್ರಾಸ್, ವಿಲ್ಚೆಕ್ ಮತ್ತು ಪೊಲಿಟ್ಸರ್ ದ್ರವ್ಯರಾಶಿಯಿಲ್ಲದ ಗ್ಲೂಆನ್‌ಗಳ ಸಿದ್ಧಾಂತದಲ್ಲಿ ಕ್ವಾರ್ಕ್‌ಗಳು ಹತ್ತಿರವಾದಷ್ಟೂ ಬಲ ಕುಂದುತ್ತದೆ ಎಂದು ಸಾಧಿಸಿದ್ದರು. 2004ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಇಲ್ಲಿ ಯುಕಾವಾ ಸೂತ್ರ ಅನ್ವಯಿಸುವುದಿಲ್ಲ. ಬೆಳಕಿನ ಕಣಕ್ಕೆ ವಿದ್ಯುದಂಶವಿಲ್ಲ, ಆದರೆ ಗ್ಲೂಆನ್ ತಾನೇ 'ವರ್ಣ' ಎಂಬ ಅಂಶವನ್ನು ಹೊತ್ತಿದೆ; ಗ್ಲೂಆನ್ ಗ್ಲೂಆನನ್ನೇ ಸೆಳೆಯುತ್ತದೆ. ಹೀಗಾಗಿ ದ್ರವ್ಯರಾಶಿ ಸೊನ್ನೆಯಾಗಿದ್ದರೂ ಬಲ ಹೊರಗೆ ಹರಡದೆ ಪ್ರೋಟಾನಿನ ಮೇರೆಯಲ್ಲೇ ಉಳಿಯುತ್ತದೆ. 1979ರಲ್ಲಿ ಹ್ಯಾಂಬರ್ಗಿನ ಪೆಟ್ರಾ ಯಂತ್ರದಲ್ಲಿ ಕಣಗಳ ಮೂರು ಕವಲುಗಳು ಕಾಣಿಸಿಕೊಂಡು ಗ್ಲೂಆನಿನ ಇರವು ಸ್ಥಿರಪಟ್ಟಿತು. ಪೂರ್ಣಾಂಕ ಕ್ವಾರ್ಕ್ ಕಲ್ಪನೆ ಕ್ರಮೇಣ ಹಿಂದೆ ಸರಿಯಿತು. ಆದರೂ ಗ್ಲೂಆನ್‌ ದ್ರವ್ಯರಾಶಿ ಸೊನ್ನೆ ಎಂಬುದು ಸಿದ್ಧಾಂತದ ಮೌಲ್ಯ. ಬಿಡಿ ಗ್ಲೂಆನ್ ಸಿಗದಿರುವುದರಿಂದ ಕೆಲವು ಎಂಇವಿಯಷ್ಟು ಇದ್ದರೂ ಇರಬಹುದೆಂಬ ಷರಾ ಅಂತಾರಾಷ್ಟ್ರೀಯ ಕಣಕೋಷ್ಟಕಗಳಲ್ಲಿ ಈಗಲೂ ಕಾಣುತ್ತದೆ. 'ಪ್ರಮಾಣ'ದ ಲೇಖನ ಸೋತದ್ದು ತರ್ಕದಿಂದಲ್ಲ, ಪ್ರಕೃತಿ ಬೇರೆ ದಾರಿಯನ್ನು ಆರಿಸಿಕೊಂಡದ್ದರಿಂದ.

ಚಾಂಪಿಯನ್ ರೀಫ್‌ನ ಆಳದಲ್ಲಿ

ಪತಿ–ಸಲಾಂ ಸಿದ್ಧಾಂತದಿಂದ ಹೊರಟ ಇನ್ನೊಂದು ಎಳೆ ಹೆಚ್ಚು ದೀರ್ಘಾಯುವಾಯಿತು. ಕ್ವಾರ್ಕ್ ಹಗುರ ಕಣವಾಗಿ ಮಾರ್ಪಡುವುದು ಸಾಧ್ಯವಾದರೆ ಪ್ರೋಟಾನ್ ಕೂಡ ಎಂದಾದರೊಂದು ದಿನ ಕ್ಷಯಿಸಬೇಕು. 1974ರಲ್ಲಿ ಜಾರ್ಜಿ ಮತ್ತು ಗ್ಲಾಶೋ ಬೇರೊಂದು ಮಾರ್ಗದಿಂದ ಇದೇ ಮಾತನ್ನು ಹೇಳಿದರು. ಈ ಮಾರ್ಪಾಟನ್ನು ನಡೆಸುವ ಕಣದ ದ್ರವ್ಯರಾಶಿ ಪ್ರೋಟಾನಿನದಕ್ಕಿಂತ ಕೋಟಿ ಕೋಟಿ ಪಟ್ಟಿಗೂ ಹೆಚ್ಚು. ಯಾವ ಯಂತ್ರಕ್ಕೂ ನಿಲುಕದು. ಆದರೆ ಪ್ರೋಟಾನಿನ ಆಯುಸ್ಸು ಆ ದ್ರವ್ಯರಾಶಿಯ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ: ದ್ರವ್ಯರಾಶಿ ಎರಡು ಪಟ್ಟಾದರೆ ಆಯುಸ್ಸು ಹದಿನಾರು ಪಟ್ಟು. ಆದ್ದರಿಂದ ಪ್ರೋಟಾನ್ ಸಾಯುವುದನ್ನು ಕಾದು ನೋಡುವುದೆಂದರೆ ಎಂದೂ ಕಾಣದ ಒಂದು ಕಣವನ್ನು ದೂರದಿಂದ ತೂಗುವುದೇ ಆಗಿತ್ತು. ಅಂದಿನ ಅಂದಾಜು 10³¹ ವರ್ಷದ ಆಸುಪಾಸು.

ಇದಕ್ಕೆ ಬೇಕಾದದ್ದು ಎರಡು: ಬಹಳಷ್ಟು ಪ್ರೋಟಾನ್‌ಗಳು ಮತ್ತು ವಿಶ್ವಕಿರಣಗಳು ತಲುಪದ ಜಾಗ. ಎರಡನೆಯದು ಕೋಲಾರದಲ್ಲಿತ್ತು. ಹೋಮಿ ಭಾಭಾ ಅವರ ಸೂಚನೆಯಂತೆ 1950ರ ದಶಕದ ಆರಂಭದಲ್ಲೇ ಇಲ್ಲಿನ ಗಣಿಗೆ ಇಳಿದವರು ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್. ಆಳ ಹೆಚ್ಚಿದಂತೆ ಮ್ಯುಆನ್‌ಗಳು ಹೇಗೆ ಕಡಮೆಯಾಗುತ್ತವೆ ಎಂಬುದನ್ನು ಅವರು ಅಳೆದರು. ಮುಂದೆ ಅವರು ಟಾಟಾ ಸಂಸ್ಥೆಯ ನಿರ್ದೇಶಕರಾದರು. ನಿವೃತ್ತಿಯ ನಂತರ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿದ್ದು 2019ರಲ್ಲಿ ತೀರಿಕೊಂಡರು. ಟಾಟಾ ಸಂಸ್ಥೆ, ಜಪಾನಿನ ಒಸಾಕ ನಗರ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾಲಯಗಳ ಕೂಡುತಂಡ 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತನ್ನು ಇಲ್ಲಿಯೇ ಪತ್ತೆಮಾಡಿತು.

ಎಂ.ಜಿ.ಕೆ. ಮೆನನ್, ಶ್ರೀಕಂಠನ್, ವಿ.ಎಸ್. ನರಸಿಂಹಂ, ಒಸಾಕದ ಎಸ್. ಮಿಯಾಕೆ ಮೊದಲಾದವರ ತಂಡ 1980ರಲ್ಲಿ ಸುಮಾರು 2300 ಮೀಟರ್ ಆಳದಲ್ಲಿ ಪ್ರೋಟಾನ್ ಕ್ಷಯದ ಪ್ರಯೋಗವನ್ನು ಆರಂಭಿಸಿತು. ಇದಕ್ಕಾಗಿಯೇ ಕಟ್ಟಿದ ಪ್ರಯೋಗಗಳಲ್ಲಿ ಜಗತ್ತಿನಲ್ಲಿ ಮೊದಲು ಕಾರ್ಯಾರಂಭ ಮಾಡಿದ್ದು ಇದು. ಉಪಕರಣದ ತೂಕ 140 ಟನ್. ಚೌಕಾಕಾರದ ಕಬ್ಬಿಣದ ಕೊಳವೆಗಳೇ ಕಣಗಳನ್ನು ಎಣಿಸುವ ಸಾಧನಗಳು. ಅಂಥ ಸುಮಾರು 1600 ಕೊಳವೆಗಳನ್ನು 34 ಪದರಗಳಲ್ಲಿ, ಒಂದು ಪದರ ಉದ್ದಕ್ಕೆ ಮತ್ತೊಂದು ಅಡ್ಡಕ್ಕೆ ಬರುವಂತೆ, ನಡುನಡುವೆ ಕಬ್ಬಿಣದ ಹಲಗೆಗಳನ್ನಿಟ್ಟು ಜೋಡಿಸಲಾಗಿತ್ತು. ಲೆಕ್ಕ ಸರಳ. 140 ಟನ್ ಕಬ್ಬಿಣದಲ್ಲಿ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ ಒಟ್ಟು ಸಂಖ್ಯೆ ಸುಮಾರು 8×10³¹. ಆಯುಸ್ಸು 10³¹ ವರ್ಷವಾದರೆ ವರ್ಷಕ್ಕೆ ಎಂಟರಷ್ಟು ಕ್ಷಯಗಳು ನಡೆಯಬೇಕು. ಅಂಥ ಪ್ರತಿಯೊಂದು ಕ್ಷಯದಲ್ಲೂ ಬಿಡುಗಡೆಯಾಗುವ ಒಟ್ಟು ಶಕ್ತಿ ಪ್ರೋಟಾನಿನ ದ್ರವ್ಯರಾಶಿಗೆ, ಅಂದರೆ 938 ಎಂಇವಿಗೆ, ಸಮನಾಗಿರಬೇಕು. ಜಾಡುಗಳು ವಿರುದ್ಧ ದಿಕ್ಕುಗಳಿಗೆ ಸಾಗಬೇಕು.

1981ರಲ್ಲಿ ಈ ತಂಡ ಕ್ಷಯವೆಂದು ಭಾವಿಸಬಹುದಾದ ಕೆಲವು ಘಟನೆಗಳನ್ನು ಪ್ರಕಟಿಸಿತು. ಜಗತ್ತಿನ ಕಣಭೌತವಿಜ್ಞಾನಿಗಳೆಲ್ಲರ ದೃಷ್ಟಿ ಕೋಲಾರದತ್ತ ಹೊರಳಿದ ಕ್ಷಣವದು. ಆದರೆ ಅಮೆರಿಕದ ಓಹಿಯೊದ ಉಪ್ಪಿನ ಗಣಿಯಲ್ಲಿ ಸುಮಾರು 8000 ಟನ್ ನೀರನ್ನಿಟ್ಟು ಕಾದ ತಂಡಕ್ಕೆ ಏನೂ ಕಾಣಲಿಲ್ಲ. 1983ರಲ್ಲಿ ಆರಂಭವಾದ ಜಪಾನಿನ ಕಾಮಿಯೊಕಾಂಡೆಗೂ ಕಾಣಲಿಲ್ಲ. ಕೋಲಾರದಲ್ಲಿ ಕಂಡದ್ದನ್ನು ನ್ಯೂಟ್ರಿನೊಗಳು ಉಪಕರಣದೊಳಗೆ ಉಂಟುಮಾಡಿದ ಘಟನೆಗಳಿಂದ ಬೇರ್ಪಡಿಸುವುದು ಕಷ್ಟವಾಗಿತ್ತು. 1965ರಲ್ಲಿ ಇದೇ ಗಣಿಗೆ ಕೀರ್ತಿ ತಂದ ನ್ಯೂಟ್ರಿನೊಗಳೇ ಹದಿನೈದು ವರ್ಷಗಳ ತರುವಾಯ ಅಡ್ಡಿಯಾದವು. ತಂಡ ಸುಮಾರು 2000 ಮೀಟರ್ ಆಳದಲ್ಲಿ 260 ಟನ್ನಿನ ಎರಡನೆಯ ಉಪಕರಣವನ್ನು 1980ರ ದಶಕದ ಮಧ್ಯಭಾಗದಲ್ಲಿ ಸ್ಥಾಪಿಸಿ ಕೆಲಸವನ್ನು ಮುಂದುವರಿಸಿತು. ಪ್ರಯೋಗಗಳು 1990ರ ದಶಕದ ಆರಂಭದಲ್ಲಿ ನಿಂತವು. ಜಪಾನಿನ ಸೂಪರ್ ಕಾಮಿಯೊಕಾಂಡೆ 2020ರಲ್ಲಿ ಪ್ರಕಟಿಸಿದಂತೆ ಪಾಸಿಟ್ರಾನ್ ಮತ್ತು ಪಯಾನ್ ಆಗಿ ಕ್ಷಯಿಸುವ ಮಾರ್ಗದಲ್ಲಿ ಪ್ರೋಟಾನಿನ ಆಯುಸ್ಸು 2.4×10³⁴ ವರ್ಷಕ್ಕಿಂತ ಹೆಚ್ಚು.

1981ರ ಪ್ರಕಟಣೆ ಆತುರದ್ದಾಗಿತ್ತೇ? ಇರಬಹುದು. ನೂರೈವತ್ತು ಟನ್ನೂ ತೂಗದ ಉಪಕರಣದಲ್ಲಿ ದೊರೆತ ಬೆರಳೆಣಿಕೆಯ ಘಟನೆಗಳಿಂದ ಅಷ್ಟು ದೂರ ಹೋಗಬಾರದಿತ್ತು ಎನ್ನುವ ಮಾತಿನಲ್ಲಿ ಹುರುಳಿದೆ. ಆದರೆ ಆ ತಂಡ ಅವನ್ನು ಸಂಭಾವ್ಯ ಘಟನೆಗಳೆಂದೇ ಕರೆಯಿತೆಂಬುದನ್ನು ಮರೆಯಬಾರದು. ಸರಳ ರೂಪದ ಏಕೀಕರಣ ಸಿದ್ಧಾಂತವನ್ನು ಕೈಬಿಡುವಂತೆ ಮಾಡಿದ ಪ್ರಯೋಗಪರಂಪರೆಯ ಮೊದಲ ಹೆಜ್ಜೆ ಇದಾಗಿತ್ತು. ಆ ಪರಂಪರೆಯ ಜಪಾನೀ ಶಾಖೆ ಪ್ರೋಟಾನ್ ಕ್ಷಯವನ್ನು ಹುಡುಕುತ್ತಲೇ 1998ರಲ್ಲಿ ನ್ಯೂಟ್ರಿನೊಗೆ ದ್ರವ್ಯರಾಶಿ ಇದೆಯೆಂದು ಕಂಡುಹಿಡಿಯಿತು. ಆ ಶೋಧಕ್ಕೆ ಆಧಾರವಾದದ್ದು ಕೋಲಾರದಲ್ಲಿ ಮೊದಲು ಕಂಡ ವಾತಾವರಣದ ನ್ಯೂಟ್ರಿನೊಗಳೇ.

ಬೆಂಗಳೂರಿನ ಲೆಕ್ಕಾಚಾರ

ಕ್ವಾರ್ಕ್ ಬಿಡಿಯಾಗಿ ಸಿಗದು ಎಂದಾದ ಮೇಲೆ ಅದರ ದ್ರವ್ಯರಾಶಿಯನ್ನು ತಿಳಿಯುವ ಹೊಣೆ ಸೈದ್ಧಾಂತಿಕರ ಪಾಲಿಗೆ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1972ರಲ್ಲಿ ಇ.ಸಿ.ಜಿ. ಸುದರ್ಶನ್ ಅವರ ನೇತೃತ್ವದಲ್ಲಿ ಹುಟ್ಟಿದ ಸೈದ್ಧಾಂತಿಕ ಅಧ್ಯಯನ ಕೇಂದ್ರ 2004ರಲ್ಲಿ ಉನ್ನತ ಶಕ್ತಿ ಭೌತವಿಜ್ಞಾನ ಕೇಂದ್ರವಾಯಿತು. 1979ರಲ್ಲಿ ಮೂವರು ರಷ್ಯನ್ ವಿಜ್ಞಾನಿಗಳು ರೂಪಿಸಿದ ಸಂಕಲನ ನಿಯಮಗಳ ವಿಧಾನವನ್ನು ಬಳಸಿ ಈ ಕೇಂದ್ರದ ಜೆ. ಪಶುಪತಿ, ಅಮೆರಿಕದ ಸಹೋದ್ಯೋಗಿಗಳೊಡನೆ, 1980ರ ದಶಕದಲ್ಲಿ ಪ್ರೋಟಾನ್ ಮತ್ತು ಅದರ ಬಂಧುಕಣಗಳ ಕಾಂತೀಯ ಗುಣವನ್ನು ಗಣಿಸಿದರು. ಬರಿದಾದ ಆಕಾಶವೂ ಕ್ವಾರ್ಕ್ ಮತ್ತು ಗ್ಲೂಆನ್ ಕ್ಷೇತ್ರಗಳಿಂದ ತುಂಬಿದೆ, ಪ್ರೋಟಾನಿನ ಭಾರದ ಮೂಲ ಅಲ್ಲಿದೆ ಎಂಬುದು ಈ ವಿಧಾನದ ತಿರುಳು. ಹಿಂದೆ 330 ಎಂಇವಿಯ ಕ್ವಾರ್ಕನ್ನು ಕಲ್ಪಿಸಿ ಪಡೆದಿದ್ದ ಫಲವನ್ನು ಈಗ ಹಗುರ ಕ್ವಾರ್ಕ್‌ಗಳಿಂದಲೇ ಪಡೆಯುವುದು ಸಾಧ್ಯವಾಯಿತು.

ಇದೇ ಕೇಂದ್ರದ ಬಿ. ಅನಂತನಾರಾಯಣ್ ಅವರು ಕೊಲಾಂಜೆಲೊ, ಗ್ಯಾಸರ್ ಮತ್ತು ಲಾಯ್ಟ್‌ವೈಲರ್ ಅವರೊಡನೆ 2001ರಲ್ಲಿ ಪ್ರಕಟಿಸಿದ ಪಯಾನ್ ಚದರಿಕೆಯ ವಿಶ್ಲೇಷಣೆಯ ಬುಡದಲ್ಲಿರುವುದು ಟಾಟಾ ಸಂಸ್ಥೆಯ ಎಸ್.ಎಂ. ರಾಯ್ 1971ರಲ್ಲಿ ಬರೆದ ಸಮೀಕರಣಗಳು. ಹಗುರ ಕ್ವಾರ್ಕ್‌ಗಳ ದ್ರವ್ಯರಾಶಿಗೂ ಪಯಾನಿನ ದ್ರವ್ಯರಾಶಿಗೂ ಇರುವ ಸಂಬಂಧವನ್ನು ಪರೀಕ್ಷಿಸಲು ಈ ಕೆಲಸ ನೆರವಾಯಿತು. 2016ರಲ್ಲಿ ಅವರು ದಿಗಂತ ದಾಸ್ ಅವರೊಡನೆ ಟಾವ್ ಕಣದ ಕ್ಷಯದ ಮಾಹಿತಿಯಿಂದ ಸ್ಟ್ರೇಂಜ್ ಕ್ವಾರ್ಕಿನ ದ್ರವ್ಯರಾಶಿಯನ್ನು ಗಣಿಸಿದರು. 1995ರಲ್ಲಿ ಈ ಕೇಂದ್ರಕ್ಕೆ ಬಂದ ರೋಹಿಣಿ ಗೋಡ್ಬೋಲೆ ಬೆಳಕಿನ ಕಣದೊಳಗೂ ಕ್ವಾರ್ಕ್, ಗ್ಲೂಆನ್‌ಗಳು ಇರುವಂತೆ ವರ್ತಿಸುವ ವಿದ್ಯಮಾನದ ಬಗ್ಗೆ ಮ್ಯಾನ್ಯುಯೆಲ್ ಡ್ರೀಸ್ ಅವರೊಡನೆ ಮಾಡಿದ ಕೆಲಸ ಪ್ರಸಿದ್ಧವಾಗಿದೆ. ಅವರು 2024ರ ಅಕ್ಟೋಬರ್‌ನಲ್ಲಿ ನಿಧನರಾದರು.

ಗಣಕಯಂತ್ರದ ಜಾಲಕ ವಿಧಾನದಿಂದ 2018ರಲ್ಲಿ ಬೇರೆಡೆ ನಡೆದ ಗಣನೆಯಂತೆ ಪ್ರೋಟಾನಿನ ದ್ರವ್ಯರಾಶಿಯಲ್ಲಿ ಕ್ವಾರ್ಕ್‌ಗಳ ಸ್ವಂತ ದ್ರವ್ಯರಾಶಿಗೆ ಸೇರುವುದು ಶೇಕಡಾ 9ರಷ್ಟು ಮಾತ್ರ. ಹಿಂದೆ ಹೇಳಿದ ಶೇಕಡಾ ಒಂದಕ್ಕಿಂತ ಇದು ಹೆಚ್ಚಾಗಿರುವುದಕ್ಕೆ, ಕ್ಷಣಕಾಲ ಹುಟ್ಟಿ ಅಳಿಯುವ ಸ್ಟ್ರೇಂಜ್ ಮೊದಲಾದ ಕ್ವಾರ್ಕ್‌ಗಳನ್ನೂ ಲೆಕ್ಕಕ್ಕೆ ಹಿಡಿದಿರುವುದು ಕಾರಣ. ಉಳಿದ ಶೇಕಡಾ 91 ಚಲನೆಯ ಮತ್ತು ಕ್ಷೇತ್ರದ ಶಕ್ತಿ.

ಕೋಲಾರದ ಕಡತದಲ್ಲಿ ಮುಚ್ಚದ ಒಂದು ಪುಟ ಉಳಿದಿದೆ. 1975ರಲ್ಲಿ ಅಲ್ಲಿನ ನ್ಯೂಟ್ರಿನೊ ಉಪಕರಣಗಳಲ್ಲಿ, ಬಂಡೆಯ ಅಂಚಿನ ಬಯಲಿನಲ್ಲಿ ಒಂದೇ ಬಿಂದುವಿನಿಂದ ಹೊರಟಂತೆ ತೋರುವ ಕೆಲವು ಜಾಡುಗಳು ಕಂಡಿದ್ದವು. ಕೆಲವು ಜಿಇವಿ ದ್ರವ್ಯರಾಶಿಯ ಹೊಸ ಕಣವೊಂದು ಕ್ಷಯಿಸಿದ್ದರ ಗುರುತು ಅವು ಎಂದು ತಂಡ ಸೂಚಿಸಿತು. ಯಂತ್ರಗಳಲ್ಲಿ ಅಂಥ ಕಣ ಸಿಗಲಿಲ್ಲ. 2014ರಲ್ಲಿ ಎಂ.ವಿ.ಎನ್. ಮೂರ್ತಿ ಮತ್ತು 1975ರ ಗ್ಲೂಆನ್ ಲೇಖನದ ಜಿ. ರಾಜಶೇಖರನ್ ಇವರೇ ಅದೇ 'ಪ್ರಮಾಣ' ಪತ್ರಿಕೆಯಲ್ಲಿ ಆ ಘಟನೆಗಳನ್ನು ಮತ್ತೆ ಎತ್ತಿಕೊಂಡು, ಅವು ಅದೃಶ್ಯ ದ್ರವ್ಯದ ಕಣದ ಕ್ಷಯವಾಗಿರಬಹುದೇ ಎಂದು ಕೇಳಿದರು. ಅದನ್ನು ಅಲ್ಲಿಯೇ ಪರೀಕ್ಷಿಸುವಂತಿಲ್ಲ. ಚಿನ್ನದ ಗಣಿಯನ್ನು 2001ರ ಫೆಬ್ರವರಿ 28ರಂದು ಮುಚ್ಚಲಾಯಿತು. ನೀರೆತ್ತುವುದು ನಿಂತ ಮೇಲೆ ಸುರಂಗಗಳನ್ನು ನೀರು ತುಂಬಿಕೊಂಡಿತು.